ನಾರ್ವಾ ನದಿಯ ಈಚೆಯ ದಡ

ಎಸ್ಟೋನಿಯಾ ದೇಶದ ಪೂರ್ವದ ಅಂಚಿನಲ್ಲಿ ಹರಿಯುವ ನಾರ್ವಾ ನದಿಯ ಎರಡು ದಡಗಳ ಮೇಲೆ ಎರಡು ಕೋಟೆಗಳು ಶತಮಾನಗಳಿಂದ ಎದುರುಬದುರಾಗಿ ನಿಂತಿವೆ; ಈಚೆಗೆ ಹರ್ಮನ್ ದುರ್ಗ, ಆಚೆಗೆ ರಷ್ಯದ ಇವಾನ್‌ಗೊರೊದ್. ಇತ್ತೀಚಿನ ವರ್ಷಗಳಲ್ಲಿ ಎರಡನೆಯ ಮಹಾಯುದ್ಧದ ಗೆಲುವನ್ನು ನೆನೆಯುವ ಮೇ 9ರ ವಿಜಯೋತ್ಸವ ಬಂದಿತೆಂದರೆ ಆಚೆಯವರು ಬೃಹತ್ ಪರದೆಗಳನ್ನು ಈ ದಡಕ್ಕೆ ಮುಖಮಾಡಿ ನಿಲ್ಲಿಸಿ ಗಾನಗೋಷ್ಠಿ ನಡೆಸುತ್ತಾರೆ. ಈಚೆಯವರು ಪುಟಿನರನ್ನು ಯುದ್ಧಾಪರಾಧಿಯೆಂದು ಸಾರುವ ಭಿತ್ತಿಪಟವನ್ನು ದುರ್ಗದ ಗೋಡೆಗೆ ಇಳಿಬಿಡುತ್ತಾರೆ. 2024ರ ಮೇ ತಿಂಗಳಿನ ಒಂದು ರಾತ್ರಿ ರಷ್ಯದ ಗಡಿಕಾವಲಿನವರು ಬಂದು, ದೋಣಿಗಳು ಮೇರೆ ಮೀರದಿರಲೆಂದು ಎಸ್ಟೋನಿಯದವರು ನೀರಿನಲ್ಲಿ ತೇಲಿಬಿಟ್ಟಿದ್ದ ಗುರುತುಗಳನ್ನು ಕಿತ್ತೊಯ್ದರು. ಹದಿಮೂರು ಲಕ್ಷದಷ್ಟು ಜನರ ಈ ಗಣರಾಜ್ಯದ ಆತಂಕವು ಭೀರುಗಳ ಕಲ್ಪನೆಯಲ್ಲ.

ಆ ಆತಂಕದ ಹಿಂದೆ 1939ರ ಸ್ಮೃತಿಯಿದೆ. ಆ ವರ್ಷದ ಸೆಪ್ಟೆಂಬರ್ 28ರಂದು, ಗಡಿಯಲ್ಲಿ ಸೋವಿಯತ್ ಸೇನೆ ನೆರೆದಿರಲಾಗಿ, ಪರಸ್ಪರ ಸಹಾಯವೆಂಬ ಹೆಸರಿನ ಒಪ್ಪಂದಕ್ಕೆ ಸಹಿಯಾಗಿ ಪರರಾಜ್ಯದ ಸೈನಿಕ ನೆಲೆಗಳು ದೇಶದೊಳಕ್ಕೆ ಬಂದುವು. ಮರುವರ್ಷದ ಜೂನಿನಲ್ಲಿ ದೇಶವೇ ಕೈಬಿಟ್ಟಿತು. 1941ರ ಜೂನ್ 14ರಂದು ಹೆಂಗಸರು ಮಕ್ಕಳೆನ್ನದೆ ಹತ್ತು ಸಹಸ್ರದಷ್ಟು ಜನರನ್ನು ರೈಲುಡಬ್ಬಿಗಳಲ್ಲಿ ತುಂಬಿ ಗಡೀಪಾರು ಮಾಡಲಾಯಿತು. ಫಿನ್‌ಲೆಂಡ್ ಅಂಥದೇ ಒತ್ತಡವನ್ನು ನಿರಾಕರಿಸಿ ಕಾದಾಡಿತು; ನೆಲವನ್ನು ಕಳೆದುಕೊಂಡರೂ ಸ್ವಾತಂತ್ರ್ಯವನ್ನು ಉಳಿಸಿಕೊಂಡಿತು. ಎರಡೂ ದೇಶಗಳ ಬಲಾಬಲಗಳು ಸಮವಾಗಿರಲಿಲ್ಲವೆಂಬುದು ನಿಜ. ಆದರೂ ಎಸ್ಟೋನಿಯದಲ್ಲಿ ಸರ್ಕಾರದ ಮುಖ್ಯಸ್ಥ ಕಾನ್‌ಸ್ಟಾಂಟಿನ್ ಪ್ಯಾಟ್ಸ್ 1934ರಲ್ಲಿಯೇ ತುರ್ತುಸ್ಥಿತಿಯನ್ನು ಘೋಷಿಸಿ, ಮುಂದೆ ಪಕ್ಷಗಳನ್ನು ನಿಷೇಧಿಸಿ, ಪತ್ರಿಕೆಗಳಿಗೆ ಕಡಿವಾಣ ಹಾಕಿದ್ದುದರಿಂದ, ರಾಷ್ಟ್ರದ ಜೀವನ್ಮರಣದ ನಿರ್ಧಾರವನ್ನು ಕೆಲವೇ ಜನರು ಕೈಗೊಳ್ಳುವಂತಾಯಿತು, ಜನತೆಗೆ ಅದನ್ನು ಪ್ರಶ್ನಿಸುವ ದಾರಿಯೇ ಉಳಿದಿರಲಿಲ್ಲ ಎಂಬುದನ್ನು ನಾನು ಅಲಕ್ಷಿಸಲಾರೆ.

1991ರಲ್ಲಿ ಸ್ವಾತಂತ್ರ್ಯವನ್ನು ಮರಳಿ ಪಡೆದ ಮೇಲೆ ಆ ಜನರು ತೋರಿದ ವಿವೇಕವು ಶ್ಲಾಘ್ಯವಾದುದು. 2004ರಲ್ಲಿ ನ್ಯಾಟೋ ಒಕ್ಕೂಟವನ್ನು ಸೇರಿದರು. 2007ರಲ್ಲಿ ಬ್ಯಾಂಕುಗಳ ಮತ್ತು ಸರ್ಕಾರದ ಗಣಕಜಾಲಗಳ ಮೇಲೆ ದಾಳಿಯಾದ ತರುವಾಯ ಅದರ ಪಾಠ ಕಲಿತು, ರಾಜ್ಯದ ದಾಖಲೆಗಳ ಪ್ರತಿಯನ್ನು ದೂರದ ಲಕ್ಸೆಂಬರ್ಗಿನಲ್ಲಿ ಭದ್ರಪಡಿಸಿದರು. 2025ರ ಫೆಬ್ರುವರಿಯಲ್ಲಿ ಲಾಟ್ವಿಯ, ಲಿಥುವೇನಿಯಗಳೊಡನೆ ರಷ್ಯದ ವಿದ್ಯುತ್ ಜಾಲದಿಂದ ಬಿಡುಗಡೆ ಹೊಂದಿದರು.

ಅದೇ ವರ್ಷದ ಮಾರ್ಚಿನಲ್ಲಿ ಅಲ್ಲಿಯ ಸಂಸತ್ತು ಮಾಡಿದ ಸಂವಿಧಾನದ ತಿದ್ದುಪಡಿಯಾದರೋ ನನ್ನ ಮನಸ್ಸನ್ನು ಕದಡಿದೆ. ಸ್ಥಳೀಯ ಚುನಾವಣೆಗಳಲ್ಲಿ ಮತ ನೀಡುತ್ತಿದ್ದ, ಅಲ್ಲಿಯೇ ಬಾಳುತ್ತಿರುವ ರಷ್ಯನ್ ಪ್ರಜೆಗಳ ಹಕ್ಕನ್ನು ಅದು ತೆಗೆದುಹಾಕಿತು. ಯಾವ ದೇಶದ ಪೌರತ್ವವೂ ಇಲ್ಲದವರಿಗೆ ಆ ವರ್ಷದ ಚುನಾವಣೆಯೇ ಕಡೆಯದೆಂದು ವಿಧಿಸಿತು. ರಷ್ಯನ್ ಮಾತನಾಡುವವರೇ ಬಹುಸಂಖ್ಯಾತರಾಗಿರುವ ನಾರ್ವಾ ಪಟ್ಟಣದಲ್ಲಿ ಇದರ ಪೆಟ್ಟು ಮನೆಮನೆಗೂ ತಟ್ಟುವಂಥದು: ಒಂದೇ ಮನೆಯಲ್ಲಿ ಮಗಳು ಮತಗಟ್ಟೆಗೆ ಹೋಗಬಹುದು, ದಶಕಗಳ ಕಾಲ ಅದೇ ಊರಿನಲ್ಲಿ ದುಡಿದ ತಾಯಿ ಹೋಗಲಾಗದು. ಉಕ್ರೇನಿನ ಮೇಲೆ ಯುದ್ಧಕ್ಕಿಳಿದ ರಾಜ್ಯದ ಪ್ರಜೆಗಳು ತಮ್ಮ ನಗರಸಭೆಯನ್ನು ಆರಿಸುವುದು ಸಲ್ಲದೆಂಬ ವಾದವು ಹುರುಳಿಲ್ಲದ್ದಲ್ಲ. ಆದರೆ ದ್ರೋಹವೆಸಗುವವನನ್ನು ಹಿಡಿಯಲು ಪೊಲೀಸರೂ ನ್ಯಾಯಾಲಯಗಳೂ ಇರುವಾಗ, ಏನೂ ತಪ್ಪು ಮಾಡದ ವೃದ್ಧೆಯ ಮತವನ್ನು ಕಸಿದರೆ ಗಡಿಯೇನೂ ಭದ್ರವಾಗದು; ಮೇ 9ರ ಆ ಪರದೆಗಳತ್ತ ನೋಡಲು ಅವಳಿಗೆ ಇನ್ನೊಂದು ಕಾರಣ ದೊರೆಯುತ್ತದಷ್ಟೆ.