ತೆಂಗಿನಕಾಯಿ ಎದ್ದು ನಿಂತ ಕಡೆ ನೀರು ಇರಲೇಬೇಕಾ?

ಬೇಸಿಗೆ ಬಂತು ಅಂದ್ರೆ ನಮ್ಮ ಕಡೆ ರಿಗ್ ಲಾರಿಗಿಂತ ಮುಂಚೆ ಪಾಯಿಂಟ್ ನೋಡೋರು ಬರ್ತಾರೆ. ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಾರೆ, ಇನ್ನೊಬ್ಬರದ್ದು ಬೇವಿನ ಕವಲು ಕಡ್ಡಿ. ಓ ಪಾಸಿಟಿವ್ ರಕ್ತ ಇದ್ದೋರಿಗೇ ಈ ವಿದ್ಯೆ ಒಲಿಯೋದಂತೆ. ಕಾಯಿ ಎದ್ದು ನಿಂತ ಜಾಗಕ್ಕೆ ಕಲ್ಲಿಟ್ಟು, 250 ಅಡಿಗೆ ಎರಡೂವರೆ ಇಂಚು ನೀರು ಅಂತ ಹೇಳಿ ಹೋಗ್ತಾರೆ.

ಇದು ಸರೀನಾ ಅಂತ ಕೇಳಿದ್ರೆ, ನಂಬಿಕೆ ವಿಷಯ ವಿಜ್ಞಾನಕ್ಕೆ ಸಿಗಲ್ಲ ಅಂತ ಬಾಯಿ ಮುಚ್ಚಿಸ್ತಾರೆ. ನಾನು ಒಪ್ಪಲ್ಲ. ಕೊರೆಯೋ ಮುಂಚೆ ಗಂಗಮ್ಮನ ಪೂಜೆ ಮಾಡ್ತೀವಲ್ಲ, ಅದು ನಂಬಿಕೆ. ನೀರು ಬರಲಿ ಬಿಡಲಿ ಮಾಡ್ತೀವಿ, ಅದನ್ನ ಪರೀಕ್ಷೆ ಮಾಡೋ ಮಾತೇ ಇಲ್ಲ. ಆದ್ರೆ 250 ಅಡಿ, ಎರಡೂವರೆ ಇಂಚು ಅನ್ನೋದು ಲೆಕ್ಕ. ಲೆಕ್ಕ ಅಂದಮೇಲೆ ತಾಳೆ ನೋಡಬೇಕು. ಗೊಬ್ಬರದ ಅಂಗಡಿ ಚೀಟೀನ ಎರಡು ಸಲ ಕೂಡೋ ನಾವು, ಲಕ್ಷ ದಾಟೋ ಬೋರಿಗೆ ಯಾಕೆ ಸುಮ್ಮನಿರ್ತೀವಿ?

ತಾಳೆ ನೋಡಿದೋರು ಇದ್ದಾರೆ. ಜರ್ಮನಿಯ ಮ್ಯೂನಿಕ್ ಕಡೆ 1987-88ರಲ್ಲಿ ಒಂದು ದೊಡ್ಡ ಕೊಟ್ಟಿಗೆಯಲ್ಲಿ ಪರೀಕ್ಷೆ ಮಾಡಿದ್ರು. ಕೆಳಗೆ ನೀರಿನ ಪೈಪನ್ನ ಗಾಡಿ ಮೇಲಿಟ್ಟು ಬೇರೆ ಬೇರೆ ಕಡೆ ಸರಿಸೋದು, ಮೇಲಿನ ಅಂತಸ್ತಿನಲ್ಲಿ ಕಡ್ಡಿ ಹಿಡಿದೋರು ಪೈಪ್ ಎಲ್ಲಿದೆ ಅಂತ ಹೇಳೋದು. ಸುಮಾರು 500 ಜನರಲ್ಲಿ ಗಟ್ಟಿಗರು ಅಂತ 43 ಜನರನ್ನ ಆರಿಸಿ 843 ಸಲ ನೋಡಿದ್ರು. ನಡೆಸಿದೋರು ಕೆಲವರಿಗೆ ಶಕ್ತಿ ಇದೆ ಅಂತಾನೇ ಬರೆದ್ರು. ಆಮೇಲೆ ಅಮೆರಿಕದ ಜಿಮ್ ಎನ್‌ರೈಟ್ ಅದೇ ಅಂಕಿಗಳನ್ನ ತಿರುಗಿ ನೋಡಿದಾಗ, ಒಂದು ಸರದಿಯಲ್ಲಿ ಗೆದ್ದೋರು ಇನ್ನೊಂದರಲ್ಲಿ ಗೆದ್ದಿಲ್ಲ. ಒಟ್ಟಿನಲ್ಲಿ ಅಂದಾಜಿಗೆ ಹೇಳಿದಷ್ಟೇ.

ಹಂಗಂತ ಕಾಯಿ ಏಳೋದು ನಾಟಕ ಅಂತ ನಾನು ಹೇಳಲ್ಲ. ಏಳುತ್ತೆ. ಮನಸ್ಸಿನಲ್ಲಿ ಇಲ್ಲೇ ಇರಬೇಕು ಅಂತ ಬಂದ ತಕ್ಷಣ ನಮಗೇ ಗೊತ್ತಾಗದಂಗೆ ಕೈ ಅಲುಗುತ್ತೆ ಅಂತ 1852ರಲ್ಲೇ ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ ವಿವರಿಸಿದ್ದಾರೆ. ಪಾಯಿಂಟ್ ನೋಡೋರು ಎಷ್ಟೋ ಜನ ಒಳ್ಳೆಯೋರೇ, ತಮ್ಮ ಕೈನ ತಾವೇ ನಂಬಿರ್ತಾರೆ. ಹತ್ತಾರು ವರ್ಷ ಹೊಲ ತಿರುಗಿದೋರಿಗೆ ಹಳ್ಳದ ದಾರಿ, ಹುತ್ತ, ಅತ್ತಿಮರ ಕಣ್ಣಿಗೆ ಬೀಳುತ್ತೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲೂ ಮರ, ಹುತ್ತ ನೋಡಿ ನೀರು ಹುಡುಕೋ ಅಧ್ಯಾಯ ಇದೆ. ಆ ಗುರುತುಗಳೂ ಎಲ್ಲಾ ಕಡೆ ಸರಿ ಬರುತ್ತೆ ಅಂತಲ್ಲ, ಆದ್ರೆ ಅದು ಕಣ್ಣಿನ ವಿದ್ಯೆ, ಕಾಯಿದಲ್ಲ.

ನಮ್ಮದು ಕಲ್ಲಿನ ನಾಡು. ನೀರು ಬಂಡೆಯ ಬಿರುಕಿನಲ್ಲಿ ಇರುತ್ತೆ, ಹತ್ತು ಮಾರು ಆಚೆ ಒಣ ಧೂಳು. ಹಂಗಿದ್ರೂ ಕೆಲವು ಬೋರು ಯಾರು ತೋರಿಸಿದ್ರೂ ಬರುತ್ತೆ. ಬಂದಿದ್ದನ್ನ ಊರೆಲ್ಲಾ ಹೇಳ್ತೀವಿ. ಬರದಿದ್ರೆ ರಿಗ್ಗಿನೋನು ಅರ್ಧ ಅಡಿ ಪಕ್ಕ ಕೊರೆದ, ಮೈಲಿಗೆ ಆಯ್ತು, ಗ್ರಹಚಾರ, ಹಿಂಗೆ ಏನೋ ಒಂದು. ಯಾವ ಬೋರು ಫೇಲಾದ್ರೂ ಕಾಯಿ ಫೇಲಾಗಲ್ಲ! ಸಾಲ ಮಾತ್ರ ನಮ್ಮ ಹೆಸರಲ್ಲಿ. ಭೂವಿಜ್ಞಾನಿಗಳ ಮಿಷನ್ನೂ ತಪ್ಪುತ್ತೆ, ಆದ್ರೆ ಅದರ ಅಂಕಿ ಕಾಗದದ ಮೇಲೆ ಇರುತ್ತೆ, ಇನ್ನೊಬ್ಬರಿಗೆ ತೋರಿಸಿ ಕೇಳಬಹುದು.

ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ ಪವಾಡಗಳನ್ನ ಪರೀಕ್ಷಿಸೋಕೆ ಸಮಿತಿ ಮಾಡಿದ್ರು. ನಮಗೆ ಸಮಿತಿ ಬೇಡ, ಒಂದು ಟವೆಲ್ ಸಾಕು. ಕಾಯಿ ಎದ್ದ ಜಾಗದಲ್ಲಿ ಕಲ್ಲು ಇಡೋಕೆ ಬಿಡಬೇಡಿ, ನೀವೇ ಬದುವಿಂದ ಹೆಜ್ಜೆ ಅಳೆದು ಬರೆದುಕೊಳ್ಳಿ. ಕಾಫಿ ಕುಡಿಸಿ, ಅವರು ಒಪ್ಪಿದ್ರೆ ಕಣ್ಣಿಗೆ ಟವೆಲ್ ಕಟ್ಟಿ, ಕೈ ಹಿಡಿದು ಬೇರೆ ಬದುವಿಂದ ಮತ್ತೆ ನಡೆಸಿ. ಎರಡು ಮೂರು ಸಲ ಮಾಡಿ. ಪ್ರತಿ ಸಲ ಕಾಯಿ ಎಲ್ಲಿ ಎದ್ದಿತು, ಗುರುತಿಗೂ ಗುರುತಿಗೂ ಎಷ್ಟು ಹೆಜ್ಜೆ ಅಂತರ ಬಂತು, ಕೆಳಗೆ ಬರೀರಿ. ಹೆಸರು ಬೇಡ, ಫೇಲಾದ ಬೋರಿನ ಲೆಕ್ಕಾನೂ ಬಿಡದೆ ಹಾಕಿ.