ಅವರೂ ಆಟಕ್ಕೆ ಬರಲಿ

ಮಾತು ತಡವಾಗಿ ಬಂದ ಮಗುವನ್ನು, ಹತ್ತು ವರ್ಷವಾದರೂ ಅಂಗಿಯ ಗುಂಡಿ ಹಾಕಲು ಕಷ್ಟಪಡುವ ಮಗುವನ್ನು ಜಗಲಿಯಲ್ಲಿ ಕೂರಿಸಿ ‘ಆಟ ನೋಡಲಿ’ ಎನ್ನುವುದು ನಮ್ಮ ಕಾಸರಗೋಡಿನ ಕಡೆ ರೂಢಿ. ಮೈದಾನದಲ್ಲಾದರೋ ಅದಕ್ಕೆ ಚೆಂಡು ಹೆಕ್ಕಿ ತರುವ ಕೆಲಸ. ಇದನ್ನು ಕರುಣೆಯೆಂದು ಕರೆಯಲು ನಾವು ಒಪ್ಪುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಇಂಥ ಮಕ್ಕಳಿಗೆ ಪಾಠದೊಂದಿಗೆ ಆಟದ ಅವಕಾಶವನ್ನೂ ಇತರರಿಗೆ ಸಮನಾಗಿ ಕೊಡಬೇಕೆಂದು ಶಾಲೆಗಳಿಗೆ ವಿಧಿಸಿದೆ. ಆದರೆ ಕಾಯಿದೆ ಅಂಗಳಕ್ಕಿಳಿದು ಆಡುವುದಿಲ್ಲ. ಆಡಬೇಕಾದವರು ನೀವು, ವಿದ್ಯಾರ್ಥಿಗಳೇ.

ಆಟಿ ತಿಂಗಳಲ್ಲಿ ಅಟ್ಟದಿಂದಿಳಿಯುವ ಚೆನ್ನೆಮಣೆಯನ್ನೇ ನೋಡಿರಿ. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 4 ಕಾಯಿ. ಬದಿಗೆ ಇಬ್ಬರಂತೆ ಕುಳಿತರೆ ನಾಲ್ವರು ಆಡಬಹುದು. ಕಾಯಿಯನ್ನು ಒಂದೊಂದಾಗಿ ಎರಡು ಬೆರಳಲ್ಲಿ ಹಿಡಿದು ಗುಳಿಗೆ ಬಿಡುವಾಗ, ಪೆನ್ಸಿಲು ಹಿಡಿಯಬೇಕಾದ ಬೆರಳುಗಳೇ ಪಳಗುತ್ತವೆ. ಎಣಿಕೆ ಬಾಯಿಗೆ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಎದುರಿನವರ ಸರದಿ ಮುಗಿಯುವ ತನಕ ಕಾಯುವುದು ಅಭ್ಯಾಸವಾಗುತ್ತದೆ.

‘ಕೆರೆ–ದಡ’ ಆಟದಲ್ಲಿ ನಮ್ಮ ಹತ್ತು ಸಲದ ವಿವರಣೆಗೆ ತಿಳಿಯದ್ದು ಪಕ್ಕದವನ ಒಂದು ಜಿಗಿತದಿಂದ ತಿಳಿಯುತ್ತದೆ. ಆದರೆ ತಪ್ಪಿದವರನ್ನು ಹೊರಗೆ ಹಾಕುವ ನಿಯಮವನ್ನು ಅಲ್ಲಿ ಕೈಬಿಡಬೇಕು. ಯಾರಿಗೆ ಹೆಚ್ಚು ಸರದಿ ಬೇಕೋ ಅವರೇ ಮೊದಲು ಹೊರಬೀಳುವುದು ಎಂಥ ನ್ಯಾಯ? ಗುಂಪು ಐದಾರು ಮಂದಿಯದ್ದಿರಲಿ. ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ ಮಗುವಿದ್ದರೆ ವಿಸಿಲು ಬೇಡ, ಕೈಸನ್ನೆ ಸಾಕು.

‘ಅವನು ಸೇರಿದರೆ ಆಟ ಕೆಡುತ್ತದೆ, ಸಾರ್’ ಎನ್ನುವವರಿದ್ದೀರಿ. ನಿಧಾನವಾಗುತ್ತದೆ, ನಿಜ. ಕ್ರೀಡಾಕೂಟದ ಕಬಡ್ಡಿಯನ್ನು ಹೀಗೆ ಆಡಿರೆಂದು ನಾವು ಹೇಳುತ್ತಿಲ್ಲ. ವಾರಕ್ಕೊಂದು ಆಟದ ಪೀರಿಯಡ್ ಸಾಕು (ಅದನ್ನೂ ಗಣಿತದವರು ಕೇಳದಿದ್ದರೆ!).

ಹೆತ್ತವರಲ್ಲಿಯೂ ಒಂದು ಮಾತು. ಆಟವು ಚಿಕಿತ್ಸೆಗೆ ಬದಲಲ್ಲ. ನಡಿಗೆ, ಮಾತು ತಡವಾದರೆ ‘ಇವನ ಅಪ್ಪನಿಗೂ ತಡವಾಗಿಯೇ ಬಂದದ್ದು’ ಎಂದು ವರ್ಷ ಕಳೆಯದೆ ವೈದ್ಯರಿಗೆ ತೋರಿಸಿರಿ. ಪಂಚಾಯತಿನ ಬಡ್ಸ್ ಶಾಲೆಗೆ ಹೋಗುವ ಮಗುವೂ ಸಂಜೆ ಮನೆಗೇ ಬರುತ್ತದೆ. ಆಗ ನೆಂಟರು ಬಂದಿದ್ದಾರೆಂದು ಅದನ್ನು ಒಳಕೋಣೆಗೆ ಕಳಿಸಬೇಡಿ; ನೆರೆಮನೆಯ ಮಕ್ಕಳನ್ನು ಜಗಲಿಗೆ ಕರೆಯಿರಿ. ಮಣೆ ಇಲ್ಲದವರು ಸೀಮೆಸುಣ್ಣದಿಂದ 14 ವೃತ್ತ ಬರೆದು ಹುಣಿಸೆಬೀಜದಲ್ಲಿ ಆಡಿಸಬಹುದು. ಬೀಜವನ್ನು ಬಾಯಿಗೆ ಹಾಕುವ ಮಗುವಾದರೆ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿರಲಿ.