ಮರಳಿನ ಲೆಕ್ಕ ಯಾರ ಖಾತೆಗೆ?

ನಮ್ಮ ಕರಾವಳಿ ಸರಣಿ, ಭಾಗ 4 🌊

ಮೊದಲೇ ಹೇಳ್ಬಿಡ್ತೀನಿ, ನಾನು ಜೀಪ್ ವಿರೋಧಿ ಅಲ್ಲ. ಕಳೆದ ಡಿಸೆಂಬರ್‌ನಲ್ಲಿ ಹೊನ್ನಾವರದ ಕಡೆ ಗಾಳಿ ಮರದ ತೋಪಿನ ಮರಳು ದಾರಿಯಲ್ಲಿ ಅಣ್ಣನ ಫೋರ್ ಬೈ ಫೋರ್ ಓಡಿಸಿದ್ದು ನಾನೇ. ಟೈರ್ ಗಾಳಿ 18 ಪಿಎಸ್‌ಐಗೆ ಇಳಿಸ್ಬೇಕು, ಒಂದೇ ವೇಗದಲ್ಲಿ ಹೋಗ್ಬೇಕು, ಎಲ್ಲಾ ಗೊತ್ತಿತ್ತು. ಆದ್ರೂ ತೋಪು ದಾಟಿ ದಿಬ್ಬ ಹತ್ತುವಾಗ ರೀಲ್‌ಗೋಸ್ಕರ ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಗಾಡಿ ಆಕ್ಸಲ್‌ವರೆಗೆ ಹೂತುಹೋಯ್ತು.

ಎಳೆದು ಹಾಕಿದ್ದು ಮೀನುಗಾರರು, ಬಲೆಯ ಹಗ್ಗ ಕಟ್ಟಿ. ದುಡ್ಡು ಕೊಟ್ರೆ ಮುಟ್ಟಲಿಲ್ಲ. ಒಬ್ಬರು ಮಾತ್ರ ಚಕ್ರದ ಗುರುತು ತೋರಿಸಿ, "ಆಮೆ ಮೊಟ್ಟೆ ಇಡೋ ಜಾಗ ತಮ್ಮಾ" ಅಂದ್ರು. ಅಷ್ಟೇ.

ಮನೆಗೆ ಬಂದು ಓದಿದೆ. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಈ ತೀರಕ್ಕೆ ಬಂದು, ಸುಮಾರು ಒಂದೂವರೆ ಅಡಿ ಗುಂಡಿ ತೋಡಿ, ನೂರರಷ್ಟು ಮೊಟ್ಟೆ ಇಟ್ಟು ಮುಚ್ಚಿ ಹೋಗ್ತವೆ. ಮೇಲಿಂದ ನಮಗೇನೂ ಕಾಣಲ್ಲ. ಮರಿ ಹೊರಬರೋಕೆ 45ರಿಂದ 60 ದಿನ. ನಮ್ಮ ಬೆರಳಿಗಿಂತ ಚಿಕ್ಕ ಮರಿಗೆ ಟೈರ್ ಕೊರೆದ ಹಳ್ಳ ಅಂದ್ರೆ ಕಂದಕ. ಅದರೊಳಗೆ ಬಿದ್ದು ಸುತ್ತಾಡೋಷ್ಟರಲ್ಲಿ ಕಾಗೆ, ನಾಯಿ ರೆಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇರೋ ಜೀವ ಇದು.

ಇನ್ನು ದಿಬ್ಬ. ಆಡಿನ ಗೊರಸಿನಂಥ ಎಲೆ, ನೇರಳೆ ಹೂವಿನ ಬಳ್ಳಿ ನೋಡಿರ್ತೀರಿ. ಮರಳನ್ನ ಹಿಡಿದಿಟ್ಟಿರೋದು ಅದು. ಗಾಳಿ ಮರ ಕೂಡ ನೋಡೋಕೆ ಪೈನ್ ಥರ ಇದ್ರೂ ಪೈನ್ ಅಲ್ಲ. ಹೊರಗಿಂದ ತಂದು ನೆಟ್ಟಿದ್ದು, ಗಾಳಿ ತಡೆಯಲಿ, ಮರಳು ನಿಲ್ಲಲಿ ಅಂತ. ಚಕ್ರ ತಿರುಗಿ ಬಳ್ಳಿ ಕಿತ್ತರೆ ಮರಳು ಸಡಿಲ. ಮಳೆಗಾಲದಲ್ಲಿ ಕಡಲು ಬಂದು ಬಾಗಿಲು ತಟ್ಟೋದು ನಮ್ಮನೆಗಲ್ಲ, ಅವತ್ತು ಹಗ್ಗ ಎಳೆದವರ ಮನೆಗೆ.

ಬಿಕಾಂನಲ್ಲಿ ಮೊದಲು ಕಲಿಸೋದೇ ಪ್ರತಿ ಕ್ರೆಡಿಟ್‌ಗೂ ಒಂದು ಡೆಬಿಟ್ ಇರುತ್ತೆ ಅಂತ. ಲೈಕ್ಸ್ ನನ್ನ ಖಾತೆಗೆ ಬಂತು. ನಷ್ಟ ಯಾರ ಖಾತೆಗೆ ಬರೆದೆ?

"ಮೀನುಗಾರರ ಗಾಡಿನೂ ಹೋಗುತ್ತಲ್ಲ" ಅಂತೀರಿ. ಹೋಗುತ್ತೆ. ಅವರು ಹೊಟ್ಟೆಪಾಡಿಗೆ ಒಂದೇ ದಾರಿ ಹಿಡಿದು ಹೋಗ್ತಾರೆ. ನಾವು ಫ್ರೇಮ್ ಚೆನ್ನಾಗಿ ಬರಲಿ ಅಂತ ಪ್ರತಿ ಸಲ ಹೊಸ ದಾರಿ ಮಾಡ್ತೀವಿ.

ಆಫ್‌ರೋಡ್ ಮಾಡಿ, ಕಲಿಯಿರಿ. ಒಪ್ಪಿಗೆ ಇರೋ ಖಾಸಗಿ ಜಾಗದಲ್ಲಿ, ಅದಕ್ಕಂತಲೇ ಮಾಡಿದ ಟ್ರ್ಯಾಕ್‌ನಲ್ಲಿ ಮಾಡಿ. ತೋಪಿನ ಹತ್ತಿರ ಬಂದಾಗ ಗಾಡಿ ರಸ್ತೆ ಬದಿ ನಿಲ್ಲಿಸಿ, ಚಪ್ಪಲಿ ಕೈಲಿ ಹಿಡ್ಕೊಂಡು ನಡೀರಿ. ಐದೇ ನಿಮಿಷ.

ಆ ರೀಲ್ ಡಿಲೀಟ್ ಮಾಡಿದೀನಿ. ನಿಮ್ಮ ಗ್ಯಾಲರಿಯಲ್ಲಿ ಅಂಥದ್ದಿದ್ರೆ ಏನ್ ಮಾಡ್ತೀರಿ? ಕಾಮೆಂಟ್‌ನಲ್ಲಿ ಹೇಳಿ, ಬೈದ್ರೂ ಓದ್ತೀನಿ. 🐢

#ನಮ್ಮಕರಾವಳಿ #ಗಾಳಿಮರ #ಕಡಲಾಮೆ